ಗಂಟಿಗೂ ಕರುಳಿಗೂ ನಡುವೆ ನೀರು

ಡಾಕ್ಟರ್ ನಸ್ರೀನ್ ಉದಗೀರದಿಂದ ಫೋನು ಮಾಡಿದಾಗ ನಾನು ನಿಲಂಗಾದ ಬಸ್‌ಸ್ಟ್ಯಾಂಡಿನ ಎದುರು ಕನ್ನಡಕದ ಮುರಿದ ಕಾಲು ಸರಿ ಮಾಡಿಸಿಕೊಳ್ಳುತ್ತ ನಿಂತಿದ್ದೆ. ನಿವೃತ್ತನಾಗಿ ನಾನು ಬಿಟ್ಟುಬಂದ ಕೋಣೆಯಲ್ಲಿ ಈಗ ಕೆಲಸ ಮಾಡುವವಳು ಆಕೆ.

"ಸರ್, ಮುಂದಿನ ವಾರ ಒಂದು ಕೇಸ್ ಅದ. ಲಿವರಿನ ಗಂಟು, ಕರುಳಿಗೆ ಹತ್ತಿಕೊಂಡೇ ಕೂತದ. ನಿಮ್ಮ ಮುರುಮದ ಸಂಗಮ್ಮನವರ ಕೇಸಿನಂಥಾದ್ದೇ. ಅವರಿಗೆ ನೀವು ಮೊದಲು ನೀರು ಹಾಕಿದ್ರೋ, ಮೊದಲು ಹೊರಳಿಸಿದ್ರೋ?"

ಈ ಕೇಸನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಮೊದಲು ನೀರು..." ಎಂದು ಶುರು ಮಾಡಿದವನು ಅಲ್ಲೇ ನಿಂತೆ. ಸೊಲ್ಲಾಪುರದ ಸಭೆಯಲ್ಲಿ ಹಾಗೆ ಹೇಳಿದ್ದು ನಿಜ. ಆದರೆ ಮುಂಬಯಿಯಲ್ಲಿ ತಿರುವುಮುರುವಾಗಿ ಹೇಳಿದ್ದೆನಲ್ಲ? ಅಲ್ಲಿ ಯಾರೂ ಪ್ರಶ್ನೆ ಕೇಳಿರಲಿಲ್ಲ. ಈಗ ಕೇಳುತ್ತಿರುವವಳು ಒಬ್ಬ ಮನುಷ್ಯನ ಹೊಟ್ಟೆಗೆ ಸೂಜಿ ಹಾಕಲಿದ್ದಾಳೆ.

"ನೆನಪು ಮಾಡಿ ಹೇಳತೀನಿ" ಎಂದೆ. ನೆನಪು ಮಾಡುವಂಥದ್ದೇನಿದೆ ಎಂದು ಆಕೆಗೆ ಅನ್ನಿಸಿರಬೇಕು.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಬರೆಯುತ್ತಿರುವುದರಿಂದ ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ನಾನು ಕತ್ತಿ ಹಿಡಿದವನಲ್ಲ. ಯಕೃತ್ತಿನಲ್ಲಿ ಸಣ್ಣ ಗಂಟಿದ್ದು, ರೋಗಿಗೆ ಆಪರೇಷನ್ ತಾಳುವ ಶಕ್ತಿ ಇಲ್ಲದಿದ್ದರೆ ನಮ್ಮ ಬಳಿ ಕಳಿಸುತ್ತಾರೆ. ಸೋನೋಗ್ರಫಿಯ ಪರದೆ ನೋಡುತ್ತ, ಚರ್ಮದ ಮೂಲಕ ಉದ್ದನೆಯ ಸೂಜಿಯೊಂದನ್ನು ಗಂಟಿನ ನಡುವಿಗೆ ಇಳಿಸುತ್ತೇವೆ. ಸೂಜಿಯ ತುದಿ ಕಾಯುತ್ತದೆ, ಗಂಟು ಬೇಯುತ್ತದೆ. ಹೇಳಲಿಕ್ಕೆ ಇಷ್ಟೇ. ಆದರೆ ಯಕೃತ್ತು ಎಲ್ಲಿ ಮುಗಿಯಿತೆಂಬುದು ಬಿಸಿಗೆ ಗೊತ್ತಾಗುವುದಿಲ್ಲ. ಕೆಳಗೆ ಪಿತ್ತಕೋಶ, ಎಡಕ್ಕೆ ಜಠರ, ಮೇಲೆ ಉಸಿರಾಡಿಸುವ ಸ್ನಾಯು ವಪೆ, ಬಲ ಅಂಚಿಗೆ ದೊಡ್ಡ ಕರುಳು. ಕರುಳಿನ ಗೋಡೆ ತೆಳು. ಅದು ಸುಟ್ಟರೆ ಆ ದಿನ ಗೊತ್ತಾಗದೆ ಇರಬಹುದು. ರೋಗಿ ನಗುತ್ತ ಮನೆಗೆ ಹೋಗುತ್ತಾನೆ. ಆಮೇಲೆ ತೂತು ಬಿದ್ದು ಹೊಲಸು ಹೊಟ್ಟೆಯಲ್ಲಿ ಹರಡುತ್ತದೆ. ಗಂಟು ಸತ್ತು ರೋಗಿಯೂ ಸಾಯುವ ಚಿಕಿತ್ಸೆ ಯಾರಿಗೆ ಬೇಕು?

ಮುಂಬಯಿಯಲ್ಲಿ ನನಗೆ ಕಲಿಸಿದ ಗುರುಗಳು ಸಿಡುಕಿನ ಮನುಷ್ಯ. ನಾನು ಪರದೆಯ ಮೇಲೆ ಗಂಟನ್ನು ತೋರಿಸಿ ಅಳತೆ ಹೇಳತೊಡಗಿದರೆ, "ಗಾಠ ನಕೋ ಸಾಂಗೂ, ಶೇಜಾರಿ ಸಾಂಗ" ಎನ್ನುತ್ತಿದ್ದರು. ಗಂಟಿನ ಮಾತು ಬೇಡ, ನೆರೆಯವರು ಯಾರೆಂದು ಹೇಳು. ನೆರೆಯವರೆಲ್ಲರ ಹೆಸರು ಹೇಳುವತನಕ ಸೂಜಿ ಮುಟ್ಟಗೊಡುತ್ತಿರಲಿಲ್ಲ.

ಅವರ ಕೋಪದ ಒಂದು ದೃಶ್ಯ ನನಗೆ ಸ್ಪಷ್ಟವಾಗಿ ನೆನಪಿದೆ. ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ನೆರೆಯ ಅಂಗವನ್ನು ಕಾಪಾಡುವ ಹಳೆಯ ಉಪಾಯವೆಂದರೆ ನಡುವೆ ನೀರು ತುಂಬುವುದು. ತೆಳು ಸೂಜಿಯಿಂದ ಗಂಟಿಗೂ ಕರುಳಿಗೂ ಮಧ್ಯೆ ನೀರು ಬಿಟ್ಟರೆ ಕರುಳು ಹಿಂದೆ ಸರಿಯುತ್ತದೆ, ಬಿಸಿ ನೀರಿನಲ್ಲೇ ಉಳಿಯುತ್ತದೆ. ಆದರೆ ಎಂಥ ನೀರು? ಆಸ್ಪತ್ರೆಯಲ್ಲಿ ಎಲ್ಲರ ಕೈ ತಾನಾಗಿ ಹೋಗುವುದು ಸಲೈನ್ ಬಾಟಲಿಗೆ, ಅಂದರೆ ಉಪ್ಪುನೀರಿಗೆ. ಆಗಿನ ನಮ್ಮ ಯಂತ್ರ ವಿದ್ಯುತ್ತಿನದು. ಕರೆಂಟು ಸೂಜಿಯಿಂದ ಹೊರಟು, ತೊಡೆಗೆ ಅಂಟಿಸಿದ ಪಟ್ಟಿಗಳ ಮೂಲಕ ಯಂತ್ರಕ್ಕೆ ಮರಳುತ್ತಿತ್ತು. ಉಪ್ಪುನೀರು ಕರೆಂಟನ್ನು ತಡೆಯುವುದಿಲ್ಲ, ಕರೆದುಕೊಂಡು ಹೋಗುತ್ತದೆ. ಗುರುಗಳು ತೂಗುಹಾಕಿದ ಬಾಟಲಿಯ ಹೆಸರು ಓದಿ, ಅದನ್ನು ಕಿತ್ತು ತೊಟ್ಟಿಗೆ ಎಸೆದು, ಇಡೀ ಕೋಣೆಗೆ ಕೇಳುವಂತೆ, "ಕಾವಲಿಗೆ ಕಳ್ಳನನ್ನೇ ನಿಲ್ಲಿಸಿದ್ದೀರಿ" ಎಂದಿದ್ದರು. ಅಂದಿನಿಂದ ನಾನು, ಕರೆಂಟು ಹಾಯದ ಸಕ್ಕರೆ ನೀರಿನ ಬಾಟಲಿಯನ್ನು ಸ್ವತಃ ಓದಿ ನೋಡದೆ ಮುಂದೆ ಹೋದವನಲ್ಲ. ಈಗ ಬಂದಿರುವ ಮೈಕ್ರೊವೇವ್ ಯಂತ್ರಕ್ಕೆ ತೊಡೆಯ ಪಟ್ಟಿಗಳೂ ಬೇಡ, ಆ ಭಯವೂ ಇಲ್ಲ. ಆದರೂ ಬಾಟಲಿ ಓದಿರಿ. ಓದುವುದಕ್ಕೆ ಏನೂ ಖರ್ಚಿಲ್ಲ.

ದೊಡ್ಡ ಊರುಗಳಲ್ಲಿ ಸಾಕಷ್ಟು ವರ್ಷ ಕಳೆದು ಉದಗೀರಕ್ಕೆ ಬಂದೆ. ಆಸ್ಪತ್ರೆ ಚಿಕ್ಕದು. ಯಂತ್ರ ನಮ್ಮದಾಗಿರಲಿಲ್ಲ, ಕೇಸ್ ಇದ್ದ ದಿನ ಹೈದರಾಬಾದಿನಿಂದ ಕಾರಿನಲ್ಲಿ ಬರುತ್ತಿತ್ತು. ಪುಸ್ತಕದಲ್ಲಿಲ್ಲದ ಪಾಠಗಳು ಅಲ್ಲಿ ಸಿಕ್ಕವು. ನಿಲಂಗಾದ ಒಬ್ಬ ಅರಿವೆ ವ್ಯಾಪಾರಿಗೆ ವಪೆಯ ಕೆಳಗಿನ ಗಂಟನ್ನು ಸುಟ್ಟಿದ್ದೆವು. ಮರುದಿನ ಬಲ ಹೆಗಲು ನೋಯತೊಡಗಿತು. ವಪೆಗೆ ಬಿಸಿ ತಾಕಿದರೆ ನೋವು ಹೆಗಲಲ್ಲಿ ಕಾಣಿಸಿಕೊಳ್ಳುತ್ತದೆ. ನರಗಳ ದಾರಿ ಹಾಗಿದೆ. ಅವರ ತಮ್ಮ ಒಪ್ಪಲಿಲ್ಲ. "ಸಾಹೇಬ್ರ, ಬೆಂಕಿ ಹೊಟ್ಟ್ಯಾಗ, ಹೊಗಿ ಹೆಗಲದಾಗ ಹ್ಯಾಂಗ ಬರ್ತದ್ರಿ? ನಿಮ್ಮ ಮಂದಿ ಅಣ್ಣಾಗ ಎತ್ತೂ ಮುಂದ ಕೈ ಜಗ್ಗ್ಯಾರ, ಖರೆ ಹೇಳ್ರಿ" ಎಂದು ಜಗಳಕ್ಕೆ ನಿಂತರು. ನೋವು ಕೆಲವು ದಿನಕ್ಕೆ ಹೋಯಿತು. ಅವರ ಸಂಶಯ ಹೋಗಲಿಲ್ಲ. ನನಗೆ ಆ ತಮ್ಮ ಇಷ್ಟವಾದರು. ಡಾಕ್ಟರು ಹೇಳಿದ್ದನ್ನೆಲ್ಲ ನಂಬುವವರಿಗಿಂತ ಅಂಥವರು ವಾಸಿ.

ಇನ್ನೊಮ್ಮೆ ಶಿರೂರ ಅನಂತಪಾಳದ ಹಿರಿಯರೊಬ್ಬರಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಉಪವಾಸ ಇರಿ ಎಂದಿದ್ದೆವು. ಪರದೆಯಲ್ಲಿ ನೋಡಿದರೆ ಜಠರ ಉಬ್ಬಿ ಯಕೃತ್ತಿನ ಎಡಭಾಗಕ್ಕೆ ಒತ್ತಿ ನಿಂತಿತ್ತು. "ಏನು ತಿಂದೀರಿ ಅಜ್ಜಾರ?" "ಏನೂ ಇಲ್ಲ. ಉಪಾಸ." "ಒಂದು ತುತ್ತೂ ಇಲ್ಲ?" "ಉಪಾಸದ್ದೇ ತಿಂದೀನ್ರಿ. ಸಾಬೂದಾಣಿ ಖಿಚಡಿ, ಶೇಂಗಾ, ಎರಡು ಬಾಳಿಹಣ್ಣು. ಅನ್ನ ಮುಟ್ಟಿಲ್ಲ, ಆಣಿ ಮಾಡತೀನಿ." ಈ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೇ ಅದು ಹೊಳೆದಿರಲಿಲ್ಲ. ಯಂತ್ರ ಬಂದ ದಾರಿಯಲ್ಲೇ ಹೈದರಾಬಾದಿಗೆ ಮರಳಿತು.

ಇನ್ನು ಸಂಗಮ್ಮನವರ ಕಥೆ. ಅವರು ಮುರುಮದ ಹತ್ತಿರ ಕಬ್ಬು ಬೆಳೆಯುವ ಶಿವಭಕ್ತ ಮನೆತನದವರು. ಮನೆಯಲ್ಲಿ ಅವರ ಮಾತೇ ನಡೆಯುತ್ತಿತ್ತು. ಯಕೃತ್ತು ಮೊದಲೇ ಗಟ್ಟಿಯಾಗಿ ಕೆಟ್ಟಿತ್ತು, ಆಪರೇಷನ್ ಆಗದು. ಗಂಟು ಇನ್ನೂ ಸಣ್ಣದು, ಸುಡಬಹುದಾದ ಅಳತೆ. ಆದರೆ ಕೂತದ್ದು ಅಂಚಿನಲ್ಲಿ, ಕರುಳಿಗೆ ತಾಗಿ. ಹಿಂದೊಮ್ಮೆ ಪಿತ್ತಕೋಶ ತೆಗೆಸಿದ್ದರಿಂದ ಅಲ್ಲೆಲ್ಲ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದವು ಬೇರೆ. ದೊಡ್ಡ ಊರಿನ ಎರಡು ಕಡೆ ಕರುಳಿನ ಭಯಕ್ಕೆ ಬೇಡವೆಂದು ಕಳಿಸಿದ್ದರು. ಕಾದರೆ ಗಂಟು ಬೆಳೆಯುತ್ತದೆ. ಬೆಳೆದ ಮೇಲೆ ಸೂಜಿಯಿಂದ ಆಗುವಂಥದ್ದು ಏನೂ ಉಳಿಯುವುದಿಲ್ಲ.

ಅವರ ಯಜಮಾನರು ವೀರಪ್ಪ, ಮಾತಿನ ಮನುಷ್ಯ. ನಡುವೆ ನೀರು ತುಂಬುವ ಸಂಗತಿಯನ್ನು ನಾನು ಕಾಗದದ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದಾಗ ಅರ್ಧಕ್ಕೇ ತಡೆದರು.

"ತಿಳೀತು ಬಿಡ್ರಿ. ಕಬ್ಬು ಕಡದ ಮ್ಯಾಲ ಸೋಗಿ ಸುಡತೀವಿ. ಬಾಜೂದಾಂವನ ಕಬ್ಬು ನಿಂತಿರತದ. ಮೊದಲ ಬದುವಿಗೆ ನೀರ ಬಿಟ್ಟು ಹಸಿ ಮಾಡಿ, ಆಮ್ಯಾಲ ಕಡ್ಡಿ ಗೀರತೀವಿ. ಇಲ್ಲಾಂದ್ರ ಅಂವಾ ಬಡಗಿ ತೊಗೊಂಡ ಬಡೀಲಿಕ್ಕ ಬರತಾನ."

"ಅದೇ" ಎಂದೆ.

"ಒಂದೇ ಸಂಶೇ. ಆಕಿಗೆ ಶುಗರ್ ಅದ. ಜಿಲೇಬಿ ತಿಂದ್ರ ಬೈತೀರಿ, ಹೊಟ್ಟ್ಯಾಗ ಸಕ್ಕರಿ ನೀರು ನೀವೇ ಹಾಕತೀರಿ?"

"ನೀವು ಸುಮ್ಮ ಕೂಡ್ರಿ" ಎಂದರು ಸಂಗಮ್ಮ. "ನಲವತ್ತ ಎಕರೆಕ್ಕ ನೀರ ಬಿಟ್ಟಾಂವಂಗತೆ ಮಾತಾಡತೀರಿ. ಮೋಟರ್ ಚಾಲೂ ಮಾಡಾಕಿ ನಾನು."

ಸಕ್ಕರೆ ಏರಿದರೆ ಇಳಿಸುವ ವ್ಯವಸ್ಥೆ ಇದೆ ಎಂದು ಹೇಳಿದೆ. ನಿಜವಾದ ತೊಡಕು ಎದುರಾದದ್ದು ಕೋಣೆಯೊಳಗೆ. ಸಂಗಮ್ಮನವರ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕರೆಂಟಿನ ಯಂತ್ರ ನಡೆಯುವಾಗ ಮೈಮೇಲೆ ಲೋಹ ಇರಕೂಡದು. ಕರಡಿಗೆ ಬಿಚ್ಚಿ ಯಜಮಾನರ ಕೈಗೆ ಕೊಡಬೇಕೆಂದು ಸಿಸ್ಟರ್ ಸುರೇಖಾ ಹೇಳಿದ್ದೇ ತಡ, ಸಂಗಮ್ಮ ಎದ್ದು ಕೂತರು.

"ಲಿಂಗ ಮೈ ಬಿಟ್ಟು ಅಗಲೂದಿಲ್ಲವ್ವಾ. ಹೊಟ್ಟಿ ಬೇಕಾದಂಗ ಸುಡ್ರಿ, ಇದೊಂದು ಕೇಳಬ್ಯಾಡ್ರಿ. ಡಾಕ್ಟರಸಾಬ, ನೀವು ನಮ್ಮವರೇ ಇದ್ದೀರಂತ ಕೇಳೀನಿ. ನಿಮ್ಮ ಕೊರಳಾಗ ಎಲ್ಲದ?"

ನನ್ನ ಕೊರಳಲ್ಲಿ ಇರಲಿಲ್ಲ. ಕಾಲೇಜಿನ ಮೊದಲ ವರ್ಷವೇ ತೆಗೆದಿಟ್ಟವನು ನಾನು. ವಾದಿಸುವ ಹೊತ್ತಲ್ಲ. ನಮ್ಮ ತಾಯಿ ದಿನವೂ ಪೂಜೆಗೆ ಕೂತು ಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿಸುತ್ತಿದ್ದುದು ನೆನಪಾಯಿತು. ಲಿಂಗ ಕಲ್ಲಿನದು, ಬೆಳ್ಳಿಯದಲ್ಲ. "ಕರಡಿಗಿ ಹೊರಗ ಹೋಗಲಿ. ಲಿಂಗಪ್ಪ ನಿಮ್ಮ ಎಡಗೈಯಾಗ ಇರಲಿ. ನಡೀತದಲ್ಲ?" ಎಂದೆ. ಅವರು ಯೋಚಿಸಿ ಒಪ್ಪಿದರು. ಬಾಗಿಲಲ್ಲಿ ಕರಡಿಗೆ ಇಸಿದುಕೊಂಡ ವೀರಪ್ಪ, "ದೇವರು ಆಕಿಗೆ, ಖಾಲಿ ಡಬ್ಬಿ ನನಗ. ಮನ್ಯಾಗೂ ಹಿಂಗೇ ನೋಡ್ರಿ" ಎಂದರು.

ಇಲ್ಲಿಂದ ಮುಂದಿನದೇ ನಸ್ರೀನಳ ಪ್ರಶ್ನೆ.

ನಾನು ಸಭೆಗಳಲ್ಲಿ ಹೇಳುತ್ತಿದ್ದುದು ಹೀಗೆ. ಸಂಗಮ್ಮನವರನ್ನು ಅಂಗಾತ ಮಲಗಿಸಿದೆವು. ತೆಳು ಸೂಜಿಯಿಂದ ನೀರು ಬಿಟ್ಟೆ. ನೀರು ನಡುವೆ ನಿಲ್ಲದೆ ಹಿಂದಕ್ಕೆ, ಯಕೃತ್ತಿಗೂ ಮೂತ್ರಪಿಂಡಕ್ಕೂ ಮಧ್ಯದ ತಗ್ಗಿಗೆ ಹರಿದುಹೋಯಿತು. ಕರುಳು ಅಲುಗಲಿಲ್ಲ. ಸೂಜಿ ಹೊರತೆಗೆದು ಯೋಚಿಸಿದೆ. ಎಡ ಮಗ್ಗುಲಿಗೆ ಹೊರಳಿಸಿದರೆ ಕರುಳು ತನ್ನ ತೂಕಕ್ಕೆ ಜೋತು ಬಿದ್ದು ತುಸು ಸಡಿಲಾಗಬಹುದು ಎನ್ನಿಸಿತು. ಹೊರಳಿಸಿದೆ. ಸಂದು ಕಂಡಿತು. ಆ ಸಂದಿನಲ್ಲಿ ಮತ್ತೆ ನೀರು ಬಿಟ್ಟಾಗ ಪರದೆಯ ಮೇಲೆ ಗಂಟಿಗೂ ಕರುಳಿಗೂ ನಡುವೆ ಕಪ್ಪು ಪಟ್ಟಿಯೊಂದು ಮೂಡಿ ಅಗಲವಾಯಿತು. ಆಮೇಲೆ ಸುಟ್ಟೆವು. ಕರುಳಿಗೆ ಏನೂ ಆಗಲಿಲ್ಲ, ಗಂಟು ಮತ್ತೆ ತಲೆಯೆತ್ತಲಿಲ್ಲ.

ಕಥೆ ಇಷ್ಟು ನುಣುಪಾಗಿದ್ದುದೇ ನನಗೆ ಅನುಮಾನ ತಂದಿತು. ಒಂದು ಸಂಗತಿಯನ್ನು ಮತ್ತೆ ಮತ್ತೆ ಹೇಳುವವನಿಗೆ ಕೊನೆಗೆ ನೆನಪಿರುವುದು ತನ್ನ ಮಾತೇ ಹೊರತು ಸಂಗತಿಯಲ್ಲ. ಸುರೇಖಾ ಈಗಲೂ ಉದಗೀರದ ಆ ಕೋಣೆಯಲ್ಲೇ ಇದ್ದಾರೆ. ಫೋನು ಮಾಡಿದೆ.

"ನೀವೆಲ್ಲಿ ಹೊರಳಿಸಿದ್ರಿ ಸರ್? ಆಕಿನೇ ಹೊರಳಿದಳು" ಎಂದರು ಸುರೇಖಾ. "ಅಂಗಾತ ಮಲಗಿದ್ರ ಕೈಯಾಗಿನ ಲಿಂಗ ಕಣ್ಣಿಗೆ ಕಾಣವಲ್ಲದಂತ, ಎಡಕ್ಕ ತಿರುಗಿ ಕೈ ಮುಖದ ಮುಂದ ಇಟ್ಟಕೊಂಡಳು. ನೀವು ಆ ಕಡಿ ಮಾರಿ ಮಾಡಿ ಸಿಟಿ ಸ್ಕ್ಯಾನ್ ನೋಡ್ಲಿಕ್ಕತ್ತಿದ್ರಿ. ನಾ ಬೈದೆ, ಯಾಕವ್ವಾ ಅಲಗಾಡತೀ ಅಂತ. ನೀವು ತಿರುಗಿ ನೋಡಿ, ಇರಲಿ ಬಿಡ್ರಿ, ಹಂಗೇ ಇರಲಿ ಅಂದ್ರಿ."

"ಅದು ನೀರು ಹಾಕಿದ ಮ್ಯಾಲೋ, ಮೊದಲೋ?"

"ಮೊದಲೇ ಸರ್. ಬಾಟ್ಲಿ ಇನ್ನೂ ಚುಚ್ಚಿದ್ದೇ ಇಲ್ಲ."

"ಪಕ್ಕಾ?"

"ಪಕ್ಕಾ..." ಎಂದು ರಾಗ ಎಳೆದು, "ಹಂಗಂತ ಅನಸತದ ಸರ್. ನೀವು ಹಿಂಗ ವಕೀಲರಂಗತೆ ಕೇಳಿದ್ರ ನಂಗೂ ಡೌಟ್ ಬರತದ."

ಯಾರು ಹೊರಳಿಸಿದರೆಂಬುದು ನನ್ನ ಮಾನದ ಪ್ರಶ್ನೆ, ಅದನ್ನು ಬದಿಗಿಡಬಹುದಿತ್ತು. ಆದರೆ ಯಾವುದು ಮೊದಲು ಎಂಬುದು ನಸ್ರೀನಳ ರೋಗಿಯ ಪ್ರಶ್ನೆ. ಅಂಗಾತ ಇದ್ದಾಗ ನೀರು ನಿಜವಾಗಿಯೂ ಸೋತಿತ್ತಾದರೆ, ಆಕೆ ಆ ಹೆಜ್ಜೆಯನ್ನೇ ಬಿಟ್ಟು ನೇರ ಹೊರಳಿಸಬಹುದು. ಕೆಟ್ಟ ಯಕೃತ್ತಿನ ಸುತ್ತ ಒಂದು ಚುಚ್ಚು ಕಡಿಮೆಯಾದರೂ ಲಾಭವೇ. ಅಂಗಾತ ಇದ್ದಾಗ ನೀರನ್ನು ನಾವು ಪ್ರಯತ್ನಿಸಿಯೇ ಇರಲಿಲ್ಲವಾದರೆ, ಹಾಗೆ ಸೋಲುತ್ತದೆ ಎಂದು ಇಷ್ಟು ವರ್ಷ ನಾನು ಹೇಳಿದ್ದಕ್ಕೆ ಆಧಾರವಿಲ್ಲ. ಉಳಿಸಿಟ್ಟ ಚಿತ್ರಗಳಲ್ಲಿ ಕಪ್ಪು ಪಟ್ಟಿ ಕಾಣುತ್ತದೆ, ಅದಕ್ಕೆ ಮುಂಚೆ ಏನಾಯಿತೆಂಬುದು ಕಾಣುವುದಿಲ್ಲ.

ಉಮರ್ಗಾದಲ್ಲಿ ಬಸ್ಸು ಬದಲಿಸಿ ಮುರುಮಕ್ಕೆ ಹೋದೆ. ಸಕ್ಕರೆ ಕಾರ್ಖಾನೆಯ ಹಂಗಾಮು ನಡೆದಿತ್ತು, ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ವೀರಪ್ಪ ಹೊಲದಲ್ಲೇ ಸಿಕ್ಕರು. "ಸಾಹೇಬ್ರ ತಪಾಸಣಿಗೆ ಬಂದಾರ, ಬಾ" ಎಂದು ಕೂಗಿದರು. ಸಂಗಮ್ಮ ಮೋಟರಿನ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಮೊದಲಿಗಿಂತ ತುಸು ಸೊರಗಿದ್ದರು, ದನಿ ಹಾಗೆಯೇ ಇತ್ತು. ಕರಡಿಗೆ ಕೊರಳಲ್ಲಿ ತನ್ನ ಜಾಗದಲ್ಲಿತ್ತು.

ನಾನು ಬೇಕೆಂದೇ ಉತ್ತರದ ಸುಳಿವು ಕೊಡದೆ ಕೇಳಿದೆ. ಮೊದಲು ನೀರೋ, ಮೊದಲು ಹೊರಳಿದ್ದೋ ಎಂದು ಕೇಳಿದರೆ ಎರಡರಲ್ಲೊಂದು ಉತ್ತರ ಬರುತ್ತದೆ, ಅದು ನಿಜವೇ ಆಗಬೇಕೆಂದಿಲ್ಲ. "ಆ ದಿನ ಒಳಗ ನಿಮಗ ಏನೇನಾತು, ನೆನಪಿದ್ದಷ್ಟು ಹೇಳ್ರಿ ಅಕ್ಕಾ" ಎಂದೆ.

"ಸೂಜಿ ಚುಚ್ಚಿದ್ದು ಗೊತ್ತಾಗಲಿಲ್ರಿ. ತಂಪು ಗೊತ್ತಾತು. ಒಳಗ ಯಾರೋ ತಣ್ಣೀರು ಬಿಟ್ಟಂಗ. ಮೊದಲ ಬೆನ್ನಿಗೆ ಹೋತು, ಇಲ್ಲಿ" ಎಂದು ಕೈ ಹಿಂದೆ ಮಾಡಿ ಸೊಂಟದ ಮೇಲೆ ಮುಟ್ಟಿ ತೋರಿಸಿದರು. "ಆಮ್ಯಾಲ ಎಡಕ್ಕ ಹೊರಳಿದೆ. ಮತ್ತೊಮ್ಮೆ ತಂಪು ಬಂತು. ಈ ಸಲ ಮುಂದ, ಪಕ್ಕಡಿ ಎಲುವಿನ ಕೆಳಗ. ನಾ ಲಿಂಗಪ್ಪನ್ನ ನೋಡಕೋತ ಉಸರ ಸಾವಕಾಶ ಬಿಡ್ಲಿಕ್ಕತ್ತಿದ್ದೆ."

ಮೊದಲು ಹಿಂದೆ, ಆಮೇಲೆ ಮುಂದೆ. ಮೂತ್ರಪಿಂಡದ ಬಳಿಯ ತಗ್ಗು ಎಲ್ಲಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಭಾಷಣವನ್ನು ಅವರು ಕೇಳಿರಲಿಲ್ಲ. ಯಾವ ಉತ್ತರ ನನಗೆ ಬೇಕಾಗಿದೆಯೆಂಬುದೂ ಗೊತ್ತಿರಲಿಲ್ಲ. ಮೈಯ ನೆನಪೂ ತಪ್ಪಬಹುದು, ಒಪ್ಪುತ್ತೇನೆ. ಆದರೆ ನನ್ನದಕ್ಕಿಂತ ಒಳ್ಳೆಯ ಸಾಕ್ಷಿ ಅದು.

ಅಲ್ಲಿಗೇ ಬಿಡಬಹುದಿತ್ತು. ಬಿಡಲಾಗಲಿಲ್ಲ. "ಹೊರಳು ಅಂತ ಯಾರು ಹೇಳಿದ್ರು?"

"ನೀವೇ ಹೇಳಿದ್ರಲ್ರಿ."

"ಸಿಸ್ಟರು ಅಂತಾರ, ಲಿಂಗ ಕಾಣವಲ್ಲದಂತ ನೀವೇ ಹೊರಳಿದ್ರಿ ಅಂತ."

ಅವರು ಕಣ್ಣು ಕಿರಿದು ಮಾಡಿ ಕಬ್ಬಿನ ಕಡೆ ನೋಡಿದರು. "ಕಾಣವಲ್ಲದಾಗಿತ್ತು, ಅದು ಖರೆ. ನಾ ಜರಾ ಹೊರಳಿದೆ, ನೀವು ಇನ್ನಷ್ಟು ಹೊರಳ್ರಿ ಅಂದ್ರಿ? ಇಲ್ಲಾ ನೀವು ಅಂದ ಮ್ಯಾಲ... ಹೋಗ್ಲಿ ಬಿಡ್ರಿ. ಏನು ಹೊಲ ಪಾಲು ಹಂಚಿ ವಾಟಣಿ ಮಾಡೂದದ ಇದ್ರಾಗ? ಇಬ್ಬರೂ ಕೂಡಿ ಹೊರಳೀವಿ ಅಂತ ಇಟ್ಟಕೋರಿ."

"ವಾಟಣಿ ಮಾಡಿದ್ರೂ ನನಗ ಡಬ್ಬಿನೇ ಬರೂದು" ಎಂದರು ವೀರಪ್ಪ.

ಅಲ್ಲಿಂದಲೇ ನಸ್ರೀನಳಿಗೆ ಫೋನು ಮಾಡಿದೆ. "ಮೊದಲು ನೀರು ಹಾಕಿದ್ದೆವು, ಅದು ಹಿಂದಕ್ಕೆ ಓಡಿತು. ನೀನು ಮೊದಲೇ ಹೊರಳಿಸು. ಸಂದು ಕಂಡ ಮ್ಯಾಲೇ ನೀರು ಬಿಡು. ಸಂದು ಕಾಣದಿದ್ರ ನನ್ನ ಮಾತು ನಂಬಿ ಮುಂದ ಹೋಗಬ್ಯಾಡ, ಅಲ್ಲಿಗೇ ನಿಲ್ಲಿಸು" ಎಂದೆ.

"ನೀವೂ ಬನ್ನಿ ಸರ್" ಎಂದಳು.

ಹೋದೆ. ರೋಗಿ ಉದಗೀರದವರೇ, ಖಾಜಾಮಿಯಾ ಎಂಬ ವಯಸ್ಸಾದ ಟೇಲರ್. ನಾನು ಮೂಲೆಯ ಸ್ಟೂಲಿನ ಮೇಲೆ ಕೂತೆ. ಈಗಿನದು ಮೈಕ್ರೊವೇವ್ ಯಂತ್ರ, ಆಸ್ಪತ್ರೆಯ ಸ್ವಂತದ್ದು. ಸುರೇಖಾ ಸಕ್ಕರೆ ನೀರಿನ ಬಾಟಲಿಯನ್ನು ನಸ್ರೀನಳಿಗೆ ತೋರಿಸಿದರು, ಆಕೆ ಓದಿದಳು, ನನಗೆ ಸಮಾಧಾನವಾಯಿತು. ಖಾಜಾಮಿಯಾರನ್ನು ಎಡ ಮಗ್ಗುಲಿಗೆ ಹೊರಳಿಸಿದರು. ಆಗ ಸುರೇಖಾ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಒಂದು ಸಣ್ಣ ಉಂಡೆ ಮಾಡಿ, ಅವರ ಎಡ ಅಂಗೈಯಲ್ಲಿಟ್ಟು, ಆ ಕೈಯನ್ನು ಮುಖದ ಮುಂದೆ ತಂದಿಟ್ಟರು.

"ಇದರ ಮ್ಯಾಲ ನಿಗಾ ಇಡ್ರಿ ಚಾಚಾ. ಉಸರ ಸಾವಕಾಶ."

"ಏನದ ಇದರಾಗ, ಬೇಟಿ?"

"ಏನಿಲ್ಲ. ಬರೇ ಬಟ್ಟಿ."

"ಬಟ್ಟಿ ಮ್ಯಾಲ ನಿಗಾ ಇಟ್ಟೇ ಜಿಂದಗಿ ಹೋಗ್ಯದ" ಎಂದರು ಅವರು.

ನಾನು ನಸ್ರೀನಳನ್ನು ಮೆಲ್ಲಗೆ ಕೇಳಿದೆ, ಇದು ಏಕೆ ಎಂದು. ಆಕೆ ನನ್ನತ್ತ ಆಶ್ಚರ್ಯದಿಂದ ನೋಡಿದಳು. "ಇಲ್ಲಿ ಎಲ್ಲರಿಗೂ ಹೀಗೇ ಮಾಡ್ತೇವಲ್ಲ ಸರ್? ಕಣ್ಣು ಒಂದು ಕಡೆ ನಿಂತರೆ ಉಸಿರೂ ಒಂದೇ ಸಮ ಆಗ್ತದೆ, ಲಿವರ್ ಕುಣಿಯೋದಿಲ್ಲ. ನಿಮ್ಮದೇ ಪದ್ಧತಿ ಅಂದುಕೊಂಡಿದ್ದೆ."

ನನ್ನದಲ್ಲ. ನಾನು ಇರುವಾಗಲೇ ಇದು ಶುರುವಾಗಿತ್ತೋ, ಹೋದ ಮೇಲೋ, ಅದೂ ನೆನಪಿಲ್ಲ. ಸುರೇಖಾರನ್ನು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ನಸ್ರೀನ್ ಪರದೆಯನ್ನೇ ನೋಡುತ್ತ ಕಾದಳು. ಗಂಟಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು. ತೆಳು ಸೂಜಿ ಅಲ್ಲಿಗೆ ತಲುಪಿತು. ನೀರು ಹೋಗತೊಡಗಿತು. ಕಪ್ಪು ಗೆರೆಯೊಂದು ಮೂಡಿತು, ದಪ್ಪವಾಯಿತು, ಕರುಳು ಅದರ ಆಚೆ ದಡಕ್ಕೆ ಸರಿಯಿತು. "ಶೇಜಾರಿ ಸರಿದ" ಎಂದು ನಾನು ನನಗೇ ಹೇಳಿಕೊಂಡೆ. ಆಕೆ ಎರಡನೆಯ, ಸುಡುವ ಸೂಜಿ ಕೈಗೆ ತೆಗೆದುಕೊಂಡಳು.

ಕೆಲಸ ಮುಗಿದ ಮೇಲೆ ಸುರೇಖಾ ಗಾಜ್ ಉಂಡೆಯನ್ನು ವಾಪಸು ತೆಗೆದುಕೊಳ್ಳಲು ಹೋದರು. ಖಾಜಾಮಿಯಾ ಕೊಡಲಿಲ್ಲ. ಮುಂದೆ ಮತ್ತೆ ಸ್ಕ್ಯಾನಿಗೆ ಬಂದು, ಗಂಟು ಸತ್ತಿದೆ, ಕರುಳು ನೆಟ್ಟಗಿದೆ ಎಂದು ನಸ್ರೀನ್ ಹೇಳಿದ ದಿನ ಅದನ್ನು ಜೇಬಿನಿಂದ ತೆಗೆದು ಸುರೇಖಾರ ಕೈಗಿಟ್ಟರಂತೆ. ಉಂಡೆ ಬಿಚ್ಚಿ, ಬಟ್ಟೆಯ ನಾಲ್ಕೂ ಅಂಚು ಮಡಿಸಿ ಹೊಲಿದಿದ್ದರಂತೆ. "ಹಂಗೇ ಬಿಟ್ರ ದಾರ ಬಿಚ್ಚತದ ಬೇಟಿ. ಮುಂದ ಬರೋರಿಗೆ ಬೇಕಾಗತದ" ಎಂದರಂತೆ.